ಗೇಟಿನೊಳಗೆ ಅಮ್ಮ ಅನ್ನಬಾರದು

ಸಬ್ರೀನಳಿಗೆ ಬರಬೇಕಾದ ಮೂರು ತಿಂಗಳ ಸಂಬಳ, ಮೂರು ಸಾವಿರದ ಮುನ್ನೂರು ಪೌಂಡು, ಇನ್ನೂ ಬಂದಿಲ್ಲ. ಬರುವುದೂ ಇಲ್ಲ. ಕೊಡಬೇಕಾದವಳ ಪ್ರಕಾರ ಅದು ತೀರಿಹೋಗಿದೆ. ಯಾವ ರೀತಿಯಲ್ಲಿ ತೀರಿತು ಅನ್ನುವುದನ್ನು ಸಬ್ರೀನ್ ತಾನಾಗಿ ಯಾರಿಗೂ ಹೇಳಿಕೊಂಡವಳಲ್ಲ. ನಾಚಿಕೆಗೆ. ಓಣಿಗೆಲ್ಲ ಗೊತ್ತಾದ ಮೇಲೆ ಮುಚ್ಚಿಟ್ಟು ಫಲವೇನು, ಬರೆದುಬಿಡುವುದೇ ವಾಸಿ.

ಕೊಡಬೇಕಾದವಳು ಮದಾಮ್ ಮಾಹಿತಾಬ್. ಅಲೆಕ್ಸಾಂಡ್ರಿಯಾದಲ್ಲಿ, ಉಳ್ಳವರ ಬಡಾವಣೆಯಾದ ರುಷ್ದಿಯಲ್ಲಿ, ಟ್ರಾಮಿನ ಹಳಿಯಿಂದ ಎರಡು ಬೀದಿ ಒಳಗೆ, ಹಳೇ ಬಂಗಲೆಯೊಂದರ ನೆಲಮಹಡಿಯಲ್ಲಿ ಅವಳ ನರ್ಸರಿ. ಗೋಡೆ ತುಂಬ ಆನೆ, ಜಿರಾಫೆ. ಪ್ರತಿ ಕೋಣೆಯ ಮೂಲೆಯಲ್ಲೂ ಒಂದು ಕ್ಯಾಮೆರಾ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೂತ ತಾಯಂದಿರು ಮಗು ಏನು ಮಾಡುತ್ತಿದೆ ಎಂದು ಫೋನಿನಲ್ಲೇ ನೋಡಿಕೊಳ್ಳಬಹುದು, ಕೇಳಿಸಿಕೊಳ್ಳಬಹುದು. ಪಾಠ ಹೇಳುವವರು ಮಿಸ್‌ಗಳು. ಮೂಗು, ಬಾಯಿ, ಕುಂಡೆ ತೊಳೆಯುವವರು ದಾದಾಗಳು. ದಾದಾ ಅಂದರೆ ಇಲ್ಲಿ ರೌಡಿಯಲ್ಲ, ಆಯಾ. ಮಿಸ್‌ಗಾದರೆ ಮಿಸ್ ಇಂಗೀ, ಮಿಸ್ ಲುಬ್ನಾ ಎಂದು ಹೆಸರುಂಟು. ದಾದಾ ಬರೀ ದಾದಾ. ಮಕ್ಕಳಿಗೂ ದಾದಾ, ಮಿಸ್‌ಗಳಿಗೂ ದಾದಾ, ಮದಾಮಳಿಗೂ ದಾದಾ.

ಸಬ್ರೀನ್ ಅಲ್ಲಿ ಹೀಗೆ ದಾದಾ ಆಗಿ ಆರು ವರ್ಷ. ಅದಕ್ಕೂ ಮೊದಲು ಅವಳು ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಶರ್ಟಿಗೆ ಗುಂಡಿ ಹಾಕುತ್ತಿದ್ದಳು. ಹುಟ್ಟಿದ್ದು ಘೇತ್ ಅಲ್-ಎನಬ್‌ನಲ್ಲಿ, ಕಾಲುವೆಯ ಪಕ್ಕದ ಓಣಿಯಲ್ಲಿ. ಅಪ್ಪ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದವನು, ಮಗಳಿಗೆ ವಾಣಿಜ್ಯ ಡಿಪ್ಲೊಮಾ ಕೊಡಿಸಿದ. ಆ ಡಿಪ್ಲೊಮಾ ಹಿಡಿದವರು ಈ ಊರಿನಲ್ಲಿ ಎಷ್ಟು ಮಂದಿ ಎಂದರೆ, ಕಲ್ಲು ಎಸೆದರೆ ಒಬ್ಬರಿಗೆ ತಗಲುತ್ತದೆ. ಕಾರ್ಖಾನೆಯಲ್ಲಿ ಸಿಕ್ಕವನು ಶಹಾತಾ. ಇಸ್ತ್ರಿ ಮಾಡುವವನು. ಮುಷ್ಕರದ ದಿನಗಳಲ್ಲಿ ಯಾರದೋ ಹೆಗಲ ಮೇಲೆ ಕೂತು ಘೋಷಣೆ ಹೇಳಿಕೊಡುತ್ತಿದ್ದ, ಮುನ್ನೂರು ಜನ ತಿರುಗಿ ಕೂಗುತ್ತಿದ್ದರು. ಸಬ್ರೀನ್ ಆ ಗಂಟಲನ್ನು ಮದುವೆಯಾದಳು. ಹದಿನೇಳು ದಿನಕ್ಕೆ ಮುಷ್ಕರ ಮುರಿಯಿತು, ಇಬ್ಬರ ಕೆಲಸವೂ ಹೋಯಿತು. ಈಗ ಅವನು ಬಾಡಿಗೆಯ ಟುಕ್‌ಟುಕ್ ಓಡಿಸುತ್ತಾನೆ. ಆ ಗಂಟಲು ಈಗ ಚಿಲ್ಲರೆಗಾಗಿ ಪ್ರಯಾಣಿಕರ ಹತ್ತಿರ ಜಗಳವಾಡುತ್ತದೆ.

ಮಗಳು ರಿತಾಜ್‌ಗೆ ಮೂರು ತುಂಬಿ ಕೆಲವು ತಿಂಗಳಾಗಿತ್ತು. ಸರ್ಕಾರದ್ದೇ ಒಂದು ಭಾಷಾ ಶಾಲೆ ಇದೆ. ಫೀಸು ಕಡಿಮೆ, ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಲ್ಲಿಗೆ ಸೇರಿದ ಮಗು ಕಾಲುವೆ ದಾಟಿದ ಹಾಗೆ. ಸೇರಿಸಿಕೊಳ್ಳುವ ಮೊದಲು ಮಗುವನ್ನು ಕೂರಿಸಿ ಮಾತಾಡಿಸುತ್ತಾರೆ. ಬಣ್ಣ ಕೇಳುತ್ತಾರೆ, ಪ್ರಾಣಿ ಕೇಳುತ್ತಾರೆ. ಇಂಗ್ಲಿಷಿನಲ್ಲಿ ಹೇಳಿದ ಮಗುವಿಗೆ ಜಾಗ, ಅರಬ್ಬಿಯಲ್ಲಿ ಹೇಳಿದ್ದಕ್ಕೆ ಇಲ್ಲ ಅನ್ನುವುದು ಓಣಿಯ ಹೆಂಗಸರ ಖಚಿತ ನಂಬಿಕೆ. ಹಾಗಾಗಿ ಅದಕ್ಕೂ ಮೊದಲು ಮಗು ಕೂರುವ ನರ್ಸರಿ ಯಾವುದು ಅನ್ನುವುದು ಸಬ್ರೀನಳ ತಲೆಯಲ್ಲಿ ಹಗಲೂ ಇರುಳೂ ಕೊರೆಯುತ್ತಿತ್ತು.

ಓಣಿಯಲ್ಲೇ ಒಂದು ಇತ್ತು. ಮಸೀದಿಯ ಸಂಘದವರ ಎರಡು ಕೋಣೆ, ನೆಲಕ್ಕೆ ಚಾಪೆ, ನಲವತ್ತು ಮಕ್ಕಳು, ಎಲ್ಲರೂ ಅಬ್ಲಾ, ಅಂದರೆ ಅಕ್ಕ, ಎನ್ನುವ ಕರೀಮಾ ಒಬ್ಬಳೇ ಟೀಚರು. ಪಾಠ ಹೇಳುವವಳೂ ಅವಳೇ, ಮೂಗು ಒರೆಸುವವಳೂ ಅವಳೇ. ಅಲಿಫ್ ಅಕ್ಷರಕ್ಕೆ ಮೊಲ, ಬಾ ಅಕ್ಷರಕ್ಕೆ ಬಾತುಕೋಳಿ ಎಂದು ಮಕ್ಕಳು ಕಿರುಚುವುದು ಬೀದಿಯ ಕೊನೆಗೂ ಕೇಳಿಸುತ್ತಿತ್ತು. ಇಂಗ್ಲಿಷಿನ ಸುಳಿವಿಲ್ಲ.

ರುಷ್ದಿಯ ನರ್ಸರಿಯ ಒಳಗುಟ್ಟು ಸಬ್ರೀನಳಿಗಿಂತ ಚೆನ್ನಾಗಿ ತಿಳಿದವರಿರಲಿಲ್ಲ. ಕ್ಯಾಮೆರಾದ ಕೆಂಪು ದೀಪ ಉರಿದಾಗ ಮಿಸ್ ಇಂಗೀ ಹಾಡುತ್ತಾಳೆ, ಆರಿದಾಗ ಫೋನು ನೋಡುತ್ತಾಳೆ. ತಿಂಡಿ ನಿನ್ನೆಯದು. ಮಕ್ಕಳು ಅತ್ತರೆ ಟೀವಿ. ಮಿಸ್‌ಗಳ ಇಂಗ್ಲಿಷು ಗೋಡೆಯ ಮೇಲಿನ ಜಿರಾಫೆಯಷ್ಟೇ ನಿಜ. ಇಷ್ಟೆಲ್ಲ ಗೊತ್ತಿದ್ದೂ ಅವಳಿಗೆ ಅದೇ ಬೇಕಿತ್ತು. ಡಾಕ್ಟರರ ಮಕ್ಕಳ ಪಕ್ಕ ತನ್ನದೂ ಕೂತರೆ ಏನೋ ಅಂಟುತ್ತದೆ ಅನ್ನಿಸಿತ್ತು. ಏನು ಎಂದು ಕೇಳಿದರೆ ಆಗ ಹೇಳಲು ಬರುತ್ತಿರಲಿಲ್ಲ.

ಪೌಂಡಿನ ಬೆಲೆ ಕುಸಿದ ಆ ಚಳಿಗಾಲ ಮದಾಮ್ ಮೂರು ತಿಂಗಳು ದಾದಾಗಳಿಗೆ ಸಂಬಳ ಕೊಡಲಿಲ್ಲ. ಸಬ್ರೀನ್ ಕೇಳಲು ಹೋದಳು. ಬಾಗಿಲ ಬಳಿಯೇ ನಿಂತು ಬಾಡಿಗೆ ಹೇಳಿದಳು, ಅಡುಗೆ ಅನಿಲ ಹೇಳಿದಳು, ಕೊನೆಗೆ ಮಗಳ ನರ್ಸರಿಯ ಚಿಂತೆಯನ್ನೂ ಹೇಳಿದಳು. ಅದೇ ತಪ್ಪಾಯಿತು. ಮದಾಮಳ ಮುಖ ಅರಳಿತು. ಮಗುವನ್ನು ಇಲ್ಲಿಗೇ ಕರೆದುಕೊಂಡು ಬಾ ಅಂದಳು. ತಿಂಗಳಿಗೆ ಸಾವಿರದ ನಾನೂರರ ಜಾಗ ಬೇಸಿಗೆಯವರೆಗೆ ನಿನಗೆ ಬಿಟ್ಟಿ, ಆ ಮೂರು ತಿಂಗಳದ್ದನ್ನು ಮರೆತುಬಿಡು, ಲೆಕ್ಕ ಹಾಕಿದರೆ ನನಗೇ ನಷ್ಟ ಅಂದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ಒಂದು ಮಾತು ಸೇರಿಸಿದಳು.

"ಗೇಟಿನ ಒಳಗೆ ಮಾತ್ರ ಅವಳು ನಿನ್ನನ್ನ ಅಮ್ಮ ಅನ್ನಬಾರದು. ಎಲ್ಲಾ ಮಕ್ಕಳ ಹಾಗೇ ದಾದಾ ಅನ್ನಲಿ. ನಿನ್ನ ಮೇಲೆ ನನಗೇನೂ ಇಲ್ಲಮ್ಮ. ನಾಳೆ ಯಾರೋ ಒಬ್ಬಳು ಬಂದು, ಇಷ್ಟು ದುಡ್ಡು ಸುರಿದು ಕಳಿಸೋ ಜಾಗಕ್ಕೆ ದಾದಾ ಮಗಳೂ ಬರ್ತಾಳಾ ಅಂದ್ರೆ ನಾನೇನು ಹೇಳಲಿ, ನೀನೇ ಹೇಳು."

ಸಬ್ರೀನ್ ಹೇಳಿದ್ದು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಮದಾಮ್ ಎಂದು. ದುಡಿದ ಸಂಬಳವನ್ನು ಬಿಟ್ಟುಕೊಟ್ಟು ಮೇಲೆ ಹರಸಿ ಬಂದಳು.

ಮನೆಯಲ್ಲಿ ಶಹಾತಾ ಎಗರಾಡುತ್ತಾನೆ ಎಂದುಕೊಂಡಿದ್ದಳು. ಅವನು ಚಹಾ ಕುಡಿದು, ಲೋಟವನ್ನು ಎರಡು ಸಲ ತಿರುಗಿಸಿದ.

"ಎರಡಕ್ಷರ ತಾನೇ," ಅಂದ. "ನಾಲ್ಕು ಗಂಟೆಗೆ ಮತ್ತೆ ಅಮ್ಮ ಆಗ್ತೀಯಲ್ಲ."

ಮೂಲೆಯಲ್ಲಿ ಸೊಪ್ಪು ಕೊಚ್ಚುತ್ತಿದ್ದ ಅವನ ತಾಯಿ ನಬವಿಯ್ಯಾ ಚಾಕು ನಿಲ್ಲಿಸಲಿಲ್ಲ. "ನನ್ನ ಮಗ ಒಂದು ಕಾಲಕ್ಕೆ ಪೂರಾ ಕಾರ್ಖಾನೆ ಬಾಯಿ ಬಿಡಿಸಿದ್ದ. ಈಗ ಹೆತ್ತ ಮಗೂನ ಬಾಯಿ ಮುಚ್ಚಿಸ್ತಾನೆ. ದೊಡ್ಡ ಲೀಡರು."

"ಅತ್ತೆ, ಅವಳ ಒಳ್ಳೇದಕ್ಕೇ," ಅಂದಳು ಸಬ್ರೀನ್.

"ಹೂಂ. ನಿನ್ನ ಒಳ್ಳೇದಕ್ಕೂ ಯಾರಾದ್ರೂ ಹಿಂಗೇ ಮಾಡಿದ್ದಿದ್ರೆ ನೀನೂ ಇವತ್ತು ಮಿಸ್ ಆಗಿರ್ತಿದ್ದೆ."

ಅಭ್ಯಾಸ ಶುರುವಾಯಿತು. ಟ್ರಾಮಿನಿಂದ ಇಳಿದು ಔಷಧಿ ಅಂಗಡಿಯ ಮೂಲೆ ತಿರುಗುವಾಗ ಸಬ್ರೀನ್ ಕೇಳುವಳು, ಇಲ್ಲಿಂದಾಚೆ ನಾನು ಯಾರು? ದಾದಾ. ಸಂಜೆ ಅದೇ ಮೂಲೆಯಲ್ಲಿ, ಈಗ? ಅಮ್ಮ. ಮಗುವಿಗೆ ಅದೊಂದು ಆಟ. ಮೊದಲ ವಾರ ಎರಡು ಮೂರು ಸಲ ಬಾಯಿ ಜಾರಿತು. ಆದರೆ ಅಲ್ಲಿ ಚಿಕ್ಕ ಮಕ್ಕಳು ನಿದ್ದೆಗಣ್ಣಿನಲ್ಲಿ ದಾದಾಳನ್ನೇ ಅಮ್ಮ ಅನ್ನುವುದು ಹೊಸದಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಮಿಸ್ ಇಂಗೀ ಎಲ್ಲರಿಗೂ ತಿದ್ದುವ ಹಾಗೆ ಇವಳಿಗೂ ತಿದ್ದಿದಳು: ಅಮ್ಮ ಅಲ್ಲ ಪುಟ್ಟಿ, ದಾದಾ. ಸಬ್ರೀನ್ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹೌದು ಎನ್ನುವಂತೆ ತಲೆಯಾಡಿಸಿದಳು.

ಮಗು ಚುರುಕು. ತಿಂಗಳೊಳಗೆ ಕೆಂಪು, ಹಳದಿ, ಬೆಕ್ಕು, ಮೀನು ಎಲ್ಲ ಇಂಗ್ಲಿಷಿನಲ್ಲಿ ಬಂತು. ಇನ್ನೊಂದೂ ಬಂತು. ಅಲ್ಲಿನ ಮಕ್ಕಳು ದಾದಾಳನ್ನು ಕರೆಯುವ ಒಂದು ದನಿ ಇದೆ. ಸಿಟ್ಟಿನದಲ್ಲ, ನಲ್ಲಿ ತಿರುಗಿಸುವವರ ದನಿ. ದಾದಾ, ನೀರು. ದಾದಾ, ಶೂ. ಆ ದನಿ ಮನೆಗೂ ಬಂತು. ನಬವಿಯ್ಯಾ ಒಮ್ಮೆ ಮಗುವಿನ ಕಿವಿ ಹಿಂಡಿದಳು. ಸಬ್ರೀನ್ ಅತ್ತೆಯ ಮೇಲೆ ಹರಿಹಾಯ್ದಳು.

ಮಾರ್ಚ್ ಇಪ್ಪತ್ತೊಂದು ಇಲ್ಲಿ ಅಮ್ಮಂದಿರ ದಿನ. ಯಾವ ನರ್ಸರಿಯೂ ಅದನ್ನು ಬಿಡುವುದಿಲ್ಲ. ತಾಯಂದಿರೆಲ್ಲ ಸಣ್ಣ ಸಣ್ಣ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತಿದ್ದರು. ಮಕ್ಕಳು ಹಾಡು ಹೇಳಿ, ಕೆಂಪು ಕಾಗದದ ಹೂವನ್ನು ಅವರವರ ಅಮ್ಮನಿಗೆ ಕೊಡಬೇಕು. ರಿತಾಜಳ ಅಮ್ಮ ಊರಲ್ಲಿಲ್ಲ ಎಂದು ಮದಾಮ್ ಮೊದಲೇ ಮಿಸ್‌ಗಳಿಗೆ ಹೇಳಿಟ್ಟಿದ್ದಳು. ಸಬ್ರೀನ್ ಜ್ಯೂಸಿನ ತಟ್ಟೆ ಹಿಡಿದು ಸಾಲಿನ ನಡುವೆ ಓಡಾಡುತ್ತಿದ್ದಳು. ಹಾಡು ಮುಗಿಯಿತು, ಮಕ್ಕಳು ಓಡಿದರು, ರಿತಾಜ್ ಒಬ್ಬಳೇ ಹೂವು ಹಿಡಿದು ನಿಂತಳು. ಮಗು ಜಾಣೆ, ಸಬ್ರೀನಳ ಕಡೆ ಹೆಜ್ಜೆ ಹಾಕಲಿಲ್ಲ. ಬರೀ ನೋಡಿತು, ಈಗೇನು ಮಾಡಲಿ ಅನ್ನುವ ಹಾಗೆ.

ಕೂದಲಿಗೆ ಬಂಗಾರದ ಬಣ್ಣ ಹಾಕಿಸಿದ್ದ ಒಬ್ಬ ಡಾಕ್ಟರಮ್ಮ ಅದನ್ನು ಕಂಡಳು. "ಅಯ್ಯೋ ಪಾಪ, ಇವಳ ಅಮ್ಮ ಎಲ್ಲಿ ದಾದಾ?"

ಊರಲ್ಲಿಲ್ಲ ಎಂದರೆ ಸಾಕಿತ್ತು. ಮದಾಮ್ ಹೇಳಿಕೊಟ್ಟದ್ದೂ ಅಷ್ಟೇ.

"ಕುವೈತಲ್ಲಿದ್ದಾರೆ ಮದಾಮ್," ಅಂದಳು ಸಬ್ರೀನ್. "ಬ್ಯಾಂಕಲ್ಲಿ ಕೆಲಸ. ಬೇಸಿಗೆ ರಜಕ್ಕೆ ಬರ್ತಾರೆ. ಮಗಳು ಅಂದ್ರೆ ಪ್ರಾಣ."

ಒಂದು ಸುಳ್ಳಿಗೆ ನಾಲ್ಕು ಮಾತು. ಯಾರೂ ಕೇಳಿರಲಿಲ್ಲ. ಆಮೇಲೆ ಎಷ್ಟೋ ದಿನ ಅವಳನ್ನು ತಿಂದದ್ದು ಆ ಸುಳ್ಳಲ್ಲ, ಹೇಳುವಾಗ ಹಿತವಾಗಿತ್ತಲ್ಲ ಅನ್ನುವುದು. ಬ್ಯಾಂಕಿನ ತಂಪು ಕೋಣೆಯಲ್ಲಿ ಕೂತ, ಉಗುರಿಗೆ ಬಣ್ಣ ಹಚ್ಚಿದ ಆ ಅಮ್ಮ ಒಂದು ಕ್ಷಣ ಅವಳಿಗೂ ಇಷ್ಟವಾಗಿದ್ದಳು. ಡಾಕ್ಟರಮ್ಮ ಮಗುವನ್ನು ಎತ್ತಿ, ಕೆನ್ನೆ ತಟ್ಟಿ ಮುದ್ದಿಸಿದಳು, ರಿತಾಜ್ ಹೂವನ್ನು ಅವಳಿಗೆ ಕೊಟ್ಟಳು, ಮೂಲೆಯ ಕ್ಯಾಮೆರಾ ಎಲ್ಲವನ್ನೂ ನೋಡಿತು. ಸಬ್ರೀನ್ ಖಾಲಿ ಲೋಟ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಓಣಿಯ ತುದಿಯಲ್ಲಿ ಫರ್ಗಲಿಯ ಗಾಡಿಯ ಮುಂದೆ ಎಂದಿನ ಗುಂಪು. ಅವನು ಬೇಯಿಸಿದ ಕಾಳಿನ ಪಾತ್ರೆಗೆ ಸೌಟು ಅದ್ದಿ, ಅಲ್ಲಿಂದಲೇ ಕೂಗಿದ: "ಬಾ ಉಮ್ಮು ರಿತಾಜ್, ಇವತ್ತು ಎಷ್ಟು ರೊಟ್ಟಿಗೆ ತುಂಬಲಿ?" ಉಮ್ಮು ರಿತಾಜ್ ಅಂದರೆ ರಿತಾಜಳ ಅಮ್ಮ. ಮಗು ಹುಟ್ಟಿದ ಮೇಲೆ ಓಣಿಯಲ್ಲಿ ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ.

ರಿತಾಜ್ ಗಂಭೀರವಾಗಿ ಅವನನ್ನು ತಿದ್ದಿದಳು. "ಅಮ್ಮ ಅಲ್ಲ. ಇವಳು ದಾದಾ. ನನ್ನಮ್ಮ ಕುವೈತಲ್ಲಿದ್ದಾಳೆ."

ಜನ ನಕ್ಕರು. ಟೈಲರ್ ಸಲಾಮಾ, ಹಂಗಾದ್ರೆ ನಿಮ್ಮಪ್ಪ ನಮಗೆ ಹೇಳದೆ ಎರಡನೇ ಮದುವೆ ಆಗಿದ್ದಾನೆ ಬಿಡು ಅಂದ. ಮತ್ತೂ ನಕ್ಕರು. ಮಗು ನಗಲಿಲ್ಲ. ಬೇಸಿಗೆಗೆ ಬರ್ತಾಳೆ, ಬ್ಯಾಂಕಲ್ಲಿದ್ದಾಳೆ, ಕೂದಲು ಹಳದಿ ಎಂದು ವಿವರ ಕೊಟ್ಟಿತು. ನಗು ಒಬ್ಬೊಬ್ಬರಲ್ಲೇ ನಿಂತಿತು. ಫರ್ಗಲಿ ರೊಟ್ಟಿ ಕೊಡುವಾಗ ಸಬ್ರೀನಳ ಮುಖ ನೋಡಲಿಲ್ಲ. ಉಪ್ಪು ಸಾಕಾ ಎಂದು ಪಾತ್ರೆಯನ್ನೇ ಕೇಳಿದ.

ಇಷ್ಟಾದ ಮೇಲೆ ಅವಳು ಮನೆಗೆ ತಿರುಗಿದಳು ಎಂದು ಬರೆದರೆ ಕಥೆಗೆ ಚೆಂದ. ತಿರುಗಲಿಲ್ಲ. ಟ್ರಾಮ್ ಹತ್ತಿದಳು. ಔಷಧಿ ಅಂಗಡಿಯ ಮೂಲೆಯಲ್ಲಿ ಆ ಪ್ರಶ್ನೆ ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಶಾಲೆಯವರು ಮಗುವನ್ನು ಮಾತಾಡಿಸುವ ದಿನಕ್ಕೆ ಇನ್ನೆರಡು ತಿಂಗಳು, ಅಲ್ಲಿವರೆಗೆ ತಡೆದುಕೊಂಡರೆ ಸಾಕು, ಮಕ್ಕಳಿಗೆ ಮರೆವು ಬೇಗ ಎಂದು ತನಗೆ ತಾನೇ ಹೇಳಿಕೊಂಡಳು. ಹನ್ನೊಂದು ದಿನ ಹೀಗೇ ಹೋಯಿತು. ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೋಡು, ನಾನೇ ನಿನ್ನ ಅಮ್ಮ, ಕುವೈತಲ್ಲಿ ಯಾರೂ ಇಲ್ಲ, ಅದು ತಮಾಷೆಗೆ ಹೇಳಿದ್ದು ಅನ್ನುವಳು. ರಿತಾಜ್ ತಲೆಯಾಡಿಸುತ್ತಿದ್ದಳು. ಹೊರಗಿನವರು ಏನಾದರೂ ಹೇಳಿದರೆ ತಲೆಯಾಡಿಸಬೇಕೆಂದು ನರ್ಸರಿಯಲ್ಲಿ ಕಲಿಸಿದ್ದರಲ್ಲ, ಹಾಗೆ.

ಅಜ್ಜಿ ಬೇರೆ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗಲೆಲ್ಲ, ನಿಮ್ಮಮ್ಮ ಕುವೈತಿಂದ ಈ ತಿಂಗಳು ಏನು ಕಳಿಸಿದಳೇ, ಬರೀ ಬದನೆಕಾಯೇನಾ ಅನ್ನುವಳು. ಶಹಾತಾ ಮೊದಲ ದಿನ ನಕ್ಕ. ಎರಡನೇ ದಿನ ತಟ್ಟೆ ಬಿಟ್ಟು ಎದ್ದ.

ಹನ್ನೆರಡನೇ ದಿನ ಮಿಸ್ ಇಂಗೀ ಎಂದಿನ ಹಾಗೆ ಬಾಗಿಲಿಂದ ಕೂಗಿದಳು, ದಾದಾ, ಇಲ್ಲೊಬ್ಬಳು ಒದ್ದೆ ಮಾಡಿಕೊಂಡಿದ್ದಾಳೆ. ನೋಡಿದರೆ ರಿತಾಜ್. ವರ್ಷದ ಹಿಂದೆಯೇ ಆ ಅಭ್ಯಾಸ ಬಿಟ್ಟ ಮಗು. ಸಬ್ರೀನ್ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದಳು. ಇಡೀ ನರ್ಸರಿಯಲ್ಲಿ ಕ್ಯಾಮೆರಾ ಇಲ್ಲದ ಜಾಗ ಅದೊಂದೇ. ಬಾಗಿಲು ಹಾಕಿದಳು. ಚಡ್ಡಿ ಬಿಚ್ಚಿ, ಬಿಸಿನೀರು ಬೆರೆಸಿ ತೊಳೆದಳು. ಕೈ ತೊಡೆಯ ಮೇಲಿದ್ದಾಗಲೇ ಅವಳಿಗೆ ತಡೆಯಲಾಗಲಿಲ್ಲ.

"ಇಲ್ಲಿ ಯಾರೂ ಇಲ್ಲ. ಒಂದ್ಸಲ ಅಮ್ಮ ಅನ್ನು."

ಮಗು ಬಾಗಿಲ ಕಡೆ ನೋಡಿ ದನಿ ತಗ್ಗಿಸಿತು. "ಹಂಗೆಲ್ಲ ಅನ್ನಬಾರದು ದಾದಾ. ಮದಾಮ್ ಬೈತಾರೆ."

"ಬೈಯಲಿ. ನಾನು ನಿನ್ನ ಅಮ್ಮ ಕಣೆ."

ರಿತಾಜ್ ಅವಳನ್ನೇ ನೋಡಿದಳು. ಪಾಪ ಅನ್ನಿಸಿರಬೇಕು. ಒದ್ದೆ ಕೈಯಿಂದ ಸಬ್ರೀನಳ ಕೆನ್ನೆ ತಟ್ಟಿದಳು, ಡಾಕ್ಟರಮ್ಮ ತನಗೆ ತಟ್ಟಿದ ಹಾಗೇ.

"ಅಳಬೇಡ," ಅಂದಳು. "ನನ್ನಮ್ಮ ಬರುವಾಗ ನಿನಗೂ ಒಂದು ಏನಾದ್ರೂ ತಾ ಅಂತೀನಿ."

ಸಬ್ರೀನ್ ಆ ಒದ್ದೆ ನೆಲದ ಮೇಲೇ ಕೂತಳು. ಹೊಡೆತ ತಿಂದಿದ್ದಾಳೆ, ಪೊಲೀಸರ ಬೂಟಿನಿಂದ ಒಮ್ಮೆ, ಮುಷ್ಕರದಲ್ಲಿ. ಆಗ ತಲೆ ಎತ್ತಿಕೊಂಡು ಮನೆಗೆ ಹೋಗಿದ್ದಳು. ಇಲ್ಲಿ ಹೊಡೆದವರು ಯಾರೂ ಇರಲಿಲ್ಲ. ಮಗು ಕರುಣೆ ತೋರಿಸಿತ್ತು, ಅಷ್ಟೆ. ಹೊರಗೆ ಮಿಸ್ ಇಂಗೀ ಮತ್ತೆ ದಾದಾ ಎಂದು ಕೂಗಿದಳು.

ಮಗುವಿಗೆ ಒಣ ಬಟ್ಟೆ ಹಾಕಿ, ಎತ್ತಿಕೊಂಡು, ಮುಂಬಾಗಿಲಿನಿಂದ ಹೊರಬಿದ್ದಳು. ದಾದಾಗಳು ಓಡಾಡುವುದು ಹಿಂಬಾಗಿಲಿನಲ್ಲಿ. ಮದಾಮ್ ಹಿಂದೆಯೇ ಬಂದು, ಈಗ ಹೋದರೆ ಜಾಗವೂ ಇಲ್ಲ, ಕೆಲಸವೂ ಇಲ್ಲ, ಆ ದುಡ್ಡಿನ ಮಾತೂ ಇಲ್ಲ ಎಂದು ತಗ್ಗಿದ ದನಿಯಲ್ಲೇ ಹೇಳಿದಳು. ವರಾಂಡದಲ್ಲೂ ಕ್ಯಾಮೆರಾ ಇತ್ತು. ಸಬ್ರೀನ್ ಗೇಟು ತೆಗೆದಳು. ಮೋಸ ಹೋದವಳಾಗಿದ್ದರೆ ಬೈಯಬಹುದಿತ್ತು. ಅವಳು ಒಪ್ಪಿಕೊಂಡವಳು.

ಆ ದಿನ ಮಧ್ಯಾಹ್ನ ವಿಷಯ ಕೇಳಿದ ಶಹಾತಾ ಎದ್ದು ನಿಂತ. ಹಳೇ ಗೆಳೆಯರ ಹೆಸರು ಒಂದೊಂದೇ ಹೇಳಿದ. ಹತ್ತು ಜನ ಸೇರಿ ಆ ಹೆಂಗಸಿನ ಗೇಟಿನ ಮುಂದೆ ಕೂತುಬಿಡೋಣ, ರುಷ್ದಿಯವರೆಲ್ಲ ಕೇಳಲಿ ಅಂದ.

"ಯಾವ ಬಾಯಿಂದ ಕೂಗ್ತೀಯ?" ಅಂದಳು ಸಬ್ರೀನ್. "ಎರಡಕ್ಷರ ತಾನೇ ಅಂದಿದ್ಯಲ್ಲ, ಆ ಬಾಯಿಂದಾನಾ?"

ಅವನು ಕೂತ. ನಬವಿಯ್ಯಾ ಚಾಕು ಕೆಳಗಿಟ್ಟಳು. ಮೊಮ್ಮಗಳನ್ನು ಕರೆದು ಜಡೆ ಹೆಣೆಯತೊಡಗಿದಳು.

ಮುಂದಿನ ಭಾನುವಾರ, ಇಲ್ಲಿ ವಾರದ ಪಾಠ ಶುರುವಾಗುವ ದಿನ, ಸಬ್ರೀನ್ ಮಗಳ ಕೈ ಹಿಡಿದು ಅಬ್ಲಾ ಕರೀಮಾಳ ಚಾಪೆಯ ಬಳಿ ಹೋದಳು. ಒಳಗೆ ಬಾತುಕೋಳಿಯ ಗದ್ದಲ. ಕರೀಮಾ ಒಂದು ಮಗುವಿನ ಮೂಗನ್ನು ತನ್ನ ತೋಳಿಗೇ ಒರೆಸಿಕೊಳ್ಳುತ್ತ ಬಂದು, ಇಷ್ಟು ದಿನ ಎಲ್ಲಿಗೆ ಕಳಿಸ್ತಿದ್ದೆ ಎಂದು ಕೇಳಿದಳು. ಅವಳಿಗೂ ಗೊತ್ತಿತ್ತು. ಕರೀಮಾ ಮತ್ತೆ ಕೇಳಲಿಲ್ಲ. ಚಪ್ಪಲಿ ಆಚೆ ಬಿಡಿಸು, ಒಂದು ಲೋಟ ಮನೆಯಿಂದ ಕಳಿಸು, ಹೇನಿದ್ದರೆ ಈಗಲೇ ಹೇಳು ಎಂದಳು.

ರಿತಾಜ್ ಒಳಗೆ ಹೋಗಲಿಲ್ಲ. ಹೊಸ್ತಿಲಿನ ಮೇಲೆ ನಿಂತು, ತಾಯಿಯ ಸೆರಗಿನಂತಿದ್ದ ಶಾಲನ್ನು ಹಿಡಿದು ಜಗ್ಗಿದಳು. ಸಬ್ರೀನ್ ಬಗ್ಗಿದಳು. ಮಗು ಅವಳ ಕಿವಿಯ ಹತ್ತಿರ ಬಾಯಿಟ್ಟು, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಕೇಳಿತು:

"ಇಲ್ಲಿ ನಿನ್ನನ್ನ ಏನಂತ ಕರೀಬೇಕು?"

ನಲವತ್ತು ಮಕ್ಕಳು ಕಿರುಚುತ್ತಿದ್ದರು. ಸಬ್ರೀನ್ ಮಗಳ ಕಿವಿಗೆ ಬಾಯಿಟ್ಟು, ಅಮ್ಮ ಅನ್ನಬೇಕು ಎಂದು ಹೇಳಿಕೊಟ್ಟಳು.

ಇದನ್ನು ಓದುತ್ತಿರುವ ನೀವೂ ಮಗುವಿಗೆ ನರ್ಸರಿ ಹುಡುಕುತ್ತಿರಬಹುದು. ಸಾಲಾಗಿ ಪ್ರಶ್ನೆ ಬರೆದುಕೊಂಡು ಹೋಗುತ್ತೀರಿ: ಇಂಗ್ಲಿಷ್ ಹೇಗಿದೆ, ಕ್ಯಾಮೆರಾ ಎಷ್ಟಿವೆ, ತಿಂಡಿ ಏನು. ಅವೆಲ್ಲ ಆಮೇಲೆ ಕೇಳಿ. ನಾಳೆ ಹೋದಾಗ ಮೊದಲು ಬಚ್ಚಲಿನ ಕಡೆ ನಡೆಯಿರಿ. ಅಲ್ಲಿ ಬಕೆಟ್ ಹಿಡಿದು ನಿಂತವಳನ್ನು, ಮಾಲೀಕಳ ಎದುರಿಗೇ, ನಿನ್ನ ಮಗು ಈಗ ಎಲ್ಲಿದೆಯಮ್ಮ ಎಂದು ಕೇಳಿ. ಅವಳು ಉತ್ತರ ಹೇಳುವವರೆಗೆ ಅಲ್ಲಿಂದ ಕದಲಬೇಡಿ. ನಿಮ್ಮ ಮಗುವನ್ನು ಅಲ್ಲಿಗೆ ಸೇರಿಸಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸಿ.